ಹಸಿಯುಳಿದ ನಾನಖಟಾಯಿ

ಮನೆಯಲ್ಲಿ ಒಂದು ಪದಾರ್ಥವು ಕೆಟ್ಟರೆ ನಾವು ಮೊದಲು ಹುಡುಕುವದು ಮನುಷ್ಯರನ್ನು; ಕಾರಣವನ್ನು ಹುಡುಕುವದು ಆಮೇಲೆ. ಇದು ಎಲ್ಲರ ಮನೆಯ ರೂಢಿಯೋ, ನಮ್ಮ ಮನೆಯೊಂದರ ರೂಢಿಯೋ ನಾನರಿಯೆ. ಕಳೆದ ವರ್ಷ ಪಂಚಮಿ ಹಬ್ಬದ ಮುಂದೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ, ವಾಚಕರೇ ನಿರ್ಣಯಿಸಲಿ.

ನಾನು ಹುಡುಗನಾಗಿದ್ದಾಗ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಬೇಕರಿಯ ಭಟ್ಟಿಗೆ ಒಯ್ದು ನಾನಖಟಾಯಿ ಮಾಡಿಸಿಕೊಂಡು ಬರುತ್ತಿದ್ದೆವು. ಬಿಸಿ ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಬರುವ ಸುಖವು ತಿನ್ನುವ ಸುಖಕ್ಕಿಂತ ಕಡಿಮೆಯದಾಗಿರಲಿಲ್ಲ. ಈಗ ಭಟ್ಟಿಯೇ ಅಡಿಗೆಮನೆಗೆ ಬಂದಿದೆ. ಮಗನು ವಿದ್ಯುತ್ತಿನ ಓವನ್ನೊಂದನ್ನು ತಂದಿರಿಸಿ ಮೂರು ವರ್ಷಗಳಾದವು. ಅದರಲ್ಲಿ ಬೇಯಿಸುವ ಕೆಲಸ ಸೊಸೆಯದು. ಅವಳ ತವರು ಹುಮನಾಬಾದ. ಪಂಚಮಿಗೆ ಅಣ್ಣನು ಕರೆಯಲು ಬಂದಾಗ ತಾನೇ ಮಾಡಿದ ನಾನಖಟಾಯಿಯನ್ನು ಒಯ್ಯಬೇಕೆಂಬ ಆಸೆ ಅವಳಿಗೆ.

ಹಬ್ಬಕ್ಕೆ ಎಂಟು ದಿನವಿರುವಾಗ ಅವಳು ಮೊದಲನೆಯ ತಟ್ಟೆಯನ್ನು ಒಳಗಿಟ್ಟಳು. ಹೊತ್ತಾದ ಮೇಲೆ ತೆಗೆದು ನೋಡಿದರೆ ಬಿಲ್ಲೆಗಳು ಬೆಳ್ಳಗೆ, ಮೆತ್ತಗೆ, ನಡುವೆ ಹಸಿಯಾಗಿ ಕುಳಿತಿದ್ದವು. ಎರಡನೆಯ ತಟ್ಟೆಯೂ ಹಾಗೆಯೇ. ಮೂರನೆಯದಕ್ಕೆ ನನ್ನ ಮನೆಯಾಕೆ, "ಇದಕ್ಕೆಲ್ಲಾ ಕೈಗುಣ ಬೇಕವ್ವಾ" ಎಂದಳು. ಸೊಸೆಯು ಏನೂ ಅನ್ನದೆ ತಟ್ಟೆಯನ್ನು ತೊಳೆಯತೊಡಗಿದಳು. ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದು ಸುಮ್ಮನಿದ್ದೆ. ಸುಮ್ಮನಿರುವದೂ ಒಂದು ತೀರ್ಪೇ ಎಂಬದು ಅವಳ ಮುಖವನ್ನು ಕಂಡಮೇಲೆ ನನಗೆ ತಿಳಿಯಿತು.

ಮರುದಿನ ದುರಸ್ತಿಯವನೊಬ್ಬನನ್ನು ಕರೆಯಿಸಿದೆವು. ಅವನು ಗುಂಡಿಗಳನ್ನು ನಾಲ್ಕು ಸಲ ಒತ್ತಿ, "ಬೋರ್ಡ್ ಹೋಗ್ಯದ್ರಿ, ಹೊಸಾದು ಹಾಕಬೇಕು" ಎಂದನು. ಅವನು ಹೇಳಿದ ಬೆಲೆ ಓವನ್ನಿನ ಅರ್ಧ ಬೆಲೆಯಷ್ಟಿತ್ತು. ಏನನ್ನೂ ಅಳೆಯದೆ ಅವನು ಹೇಳಿದ್ದು ನನಗೆ ಸರಿಬರಲಿಲ್ಲ. ಆದರೆ ನಾವು ಸೊಸೆಯ ವಿಷಯದಲ್ಲಿ ಏನನ್ನು ಅಳೆದಿದ್ದೆವು? ಈ ಪ್ರಶ್ನೆಯೇ ನನ್ನನ್ನು ಕೆಲಸಕ್ಕೆ ಹಚ್ಚಿತು.

ಓವನ್ನಿನೊಳಗೆ ಇಡತಕ್ಕ ಮುಳ್ಳಿನ ಥರ್ಮಾಮೀಟರೊಂದನ್ನು ತರಿಸಿ ನಡುವಿನ ಜಾಲರಿಯ ಮೇಲಿಟ್ಟೆನು. ಫಲಕದ ಮೇಲೆ 170 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಕಾದೆವು. ಮುಳ್ಳು 120ರ ಆಚೀಚೆಗೇ ತೂಗಾಡಿತು. ಕಾಯುವ ಸುರುಳಿಗಳೇನೋ ಕೆಂಪಗೆ ಉರಿಯುತ್ತಿದ್ದವು. ಆದರೆ ಬಹಳ ಬೇಗ ಆರಿಹೋಗುತ್ತಿದ್ದವು. ಎಂದರೆ ಓವನ್ನಿನ ಕಸುವು ಕೆಟ್ಟಿರಲಿಲ್ಲ. ತಾನು ಸಾಕಷ್ಟು ಕಾದಿದ್ದೇನೆಂಬ ಭ್ರಮೆ ಅದಕ್ಕಾಗಿತ್ತು.

ಈ ಭ್ರಮೆ ಹೇಗೆ ಹುಟ್ಟುವದೆಂಬದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಓವನ್ನಿನ ಹಿಂಬದಿಯ ಗೋಡೆಯಲ್ಲಿ ಪೆನ್ಸಿಲಿಗಿಂತ ತೆಳುವಾದ ಉಕ್ಕಿನ ಕಡ್ಡಿಯೊಂದು ಒಳಚಾಚಿಕೊಂಡಿದೆ. ಅದೇ ಸೆನ್ಸರು. ಅದರ ತುದಿಯಲ್ಲಿ ಪ್ಲಾಟಿನಂ ಅಡಗಿರುತ್ತದೆ. ಪ್ಲಾಟಿನಂ ಕಾದಷ್ಟೂ ವಿದ್ಯುತ್ತಿಗೆ ಅದು ಒಡ್ಡುವ ತಡೆ ಹೆಚ್ಚುತ್ತದೆ. ಈ ಗುಣದಿಂದ ಉಷ್ಣವನ್ನು ಅಳೆಯಬಹುದೆಂದು ವಿಲಿಯಂ ಸೀಮನ್ಸನು 1871ರಲ್ಲಿಯೇ ಸೂಚಿಸಿದ್ದನು. ಮುಂದೆ ಕ್ಯಾಲೆಂಡರನೆಂಬ ವಿಜ್ಞಾನಿಯು ಅದನ್ನು ನಂಬತಕ್ಕ ಮಾಪಕವನ್ನಾಗಿ ಮಾಡಿದನು. ನಮ್ಮ ಓವನ್ನಿನ ಬಗೆಯ ಸೆನ್ಸರಿನ ತಡೆ ಸೊನ್ನೆ ಡಿಗ್ರಿಯಲ್ಲಿ 1000 ಓಮ್, 30 ಡಿಗ್ರಿಯಲ್ಲಿ ಸುಮಾರು 1117, 170 ಡಿಗ್ರಿಯಲ್ಲಿ ಸುಮಾರು 1648. ಬೋರ್ಡು ಈ ಅಂಕಿಯನ್ನು ಓದಿ ಸುರುಳಿಗಳನ್ನು ಹಚ್ಚುತ್ತದೆ, ಆರಿಸುತ್ತದೆ. ಬೇರೆ ಬಗೆಯ ಸೆನ್ಸರುಗಳೂ ಉಂಟು. ಅವುಗಳ ಲೆಕ್ಕ ಬೇರೆ.

ಪ್ಲಗ್ಗನ್ನು ಕಿತ್ತು, ಓವನ್ನು ಪೂರ್ತಿ ಆರಿದ ಮೇಲೆ ಎರಡು ತಿರುಪುಗಳನ್ನು ಬಿಚ್ಚಿ ಕಡ್ಡಿಯನ್ನು ಹೊರಗೆಳೆದೆನು. ಅದರ ತಂತಿಗಳ ತುದಿಗೆ ಮಲ್ಟಿಮೀಟರಿನ ಮೊನೆಗಳನ್ನು ಇಟ್ಟರೆ 1116 ಬಂದಿತು. ಸಂಶಯ ನಿವಾರಣೆಗಾಗಿ ಲೋಟದಲ್ಲಿ ಬರ್ಫವನ್ನೂ ನೀರನ್ನೂ ತುಂಬಿ ಕಡ್ಡಿಯ ತುದಿಯನ್ನಷ್ಟೇ ಅದ್ದಿದೆನು. ಅಂಕಿ ಮೆಲ್ಲಗೆ ಇಳಿದು 1002ಕ್ಕೆ ನಿಂತಿತು. ಸೆನ್ಸರು ನಿರಪರಾಧಿ! ಹಾಗಾದರೆ ಬೋರ್ಡೇ ಕೆಟ್ಟಿರಬೇಕು, ದುರಸ್ತಿಯವನ ಮಾತೇ ದಿಟವೆಂದು ನಾನು ಕೈಚೆಲ್ಲಿದೆನು.

ಆಗ ಬಾಗಿಲ ಬಳಿ ನಿಂತಿದ್ದ ಸೊಸೆಯು, "ಮಾವಾರ, ನೀವು ಕಡ್ಡೀದು ಅಷ್ಟೇ ನೋಡೀರಿ. ವೈರಿನ ಆಕಡಿ ತುದೀಲಿಂದ ನೋಡಿದ್ರ ಏನ್ ತೋರಸ್ತದ?" ಎಂದು ಕೇಳಿದಳು.

ನನಗೆ ಹೊಳೆಯದ ಮಾತು ಅದು. ಓವನ್ನಿನ ಹಿಂದಣ ತಗಡನ್ನು ತೆಗೆದೆವು. ಕಡ್ಡಿಯ ತಂತಿಗಳು ಅಲ್ಲಿ ಒಂದು ಕೊಂಡಿಯ ಮೂಲಕ ಬೋರ್ಡಿಗೆ ಹೋಗುವ ತಂತಿಗಳನ್ನು ಕೂಡುತ್ತಿದ್ದವು. ಕೊಂಡಿಯನ್ನು ಜೋಡಿಸಿ, ಬೋರ್ಡಿನ ಕಡೆಯ ತುದಿಯನ್ನು ಬಿಡಿಸಿ ಅಳೆದರೆ 1300! ಕೊಂಡಿಯನ್ನು ಅಲುಗಿಸಿದರೆ ಅಂಕಿಯು ಕುಣಿಯುತ್ತಿತ್ತು. ಬಿಚ್ಚಿ ನೋಡಲು ಅದರ ಹಲ್ಲುಗಳು ಕಿಲುಬು ಹಿಡಿದು ಕಪ್ಪಾಗಿದ್ದವು. ಆ ಕಿಲುಬೇ 185 ಓಮಿನಷ್ಟು ಸುಳ್ಳನ್ನು ಕೂಡಿಸುತ್ತಿತ್ತು. ಲೆಕ್ಕ ಹಾಕಿದರೆ ಅದು ಸುಮಾರು 50 ಡಿಗ್ರಿಗೆ ಸಮ. ಒಳಗೆ 120 ಇದ್ದಾಗ ಬೋರ್ಡು 170 ಆಯಿತೆಂದು ತಿಳಿದು ಉರಿಯನ್ನು ನಿಲ್ಲಿಸಿಬಿಡುತ್ತಿತ್ತು. ಕಡ್ಡಿಯು ನಿಜವನ್ನೇ ನುಡಿಯುತ್ತಿತ್ತು, ಬೋರ್ಡು ಕೇಳಿದ್ದನ್ನೇ ಪಾಲಿಸುತ್ತಿತ್ತು; ಕೆಟ್ಟಿದ್ದು ನಡುವಣ ಕೊಂಡಿ.

ಹುಮನಾಬಾದದಿಂದ ಸೊಸೆಯ ಅಣ್ಣನು ಶಾಖವನ್ನು ತಾಳುವ ಪಿಂಗಾಣಿಯ ಕೊಂಡಿಯೊಂದನ್ನು ತಂದುಕೊಟ್ಟನು. ಅದರ ಖರ್ಚು ಹೊಸ ಬೋರ್ಡಿನ ಬೆಲೆಯ ಮುಂದೆ ಏನೂ ಅಲ್ಲ. ಇಂಥ ಕಡೆಯಲ್ಲಿ ಸಾದಾ ಟೇಪು ಸುತ್ತಬಾರದು. ಅದು ಕರಗಿ ಅಪಾಯವಾದೀತು. ವಿದ್ಯುತ್ತಿನ ಕೆಲಸದ ಪರಿಚಯವಿಲ್ಲದವರು ತಗಡನ್ನು ಬಿಚ್ಚದೆ ಬಲ್ಲವರನ್ನು ಕರೆಯುವದು ಒಳ್ಳೆಯದು. ಆದರೆ ಯಾವ ಭಾಗವನ್ನಾಗಲಿ ಬದಲಿಸುವ ಮೊದಲು ಅದನ್ನು ಅಳೆದು ತೋರಿಸಿರೆಂದು ಅವರನ್ನು ಕೇಳುವದಕ್ಕೆ ಸಂಕೋಚಪಡಬಾರದು.

ಹಬ್ಬದ ಹಿಂದಿನ ಸಂಜೆ ನಾನಖಟಾಯಿಯ ಕಂಪು ಪಡಸಾಲೆಗೆ ಬಂದಿತು. ಬಿಲ್ಲೆಗಳು ಹೊಂಬಣ್ಣಕ್ಕೆ ತಿರುಗಿ ಮೇಲೆ ಸಣ್ಣಗೆ ಬಿರಿದಿದ್ದವು. ನನ್ನ ಮನೆಯಾಕೆ ಒಂದನ್ನು ಮುರಿದು ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ತಾನೇ ಡಬ್ಬಿಯನ್ನು ತಂದು, ಕಾಗದ ಹಾಸಿ, ಒಂದೊಂದಾಗಿ ಜೋಡಿಸುತ್ತ, "ಅವತ್ತ ನಾ ಹಂಗ ಅನಬಾರದಿತ್ತವ್ವಾ" ಎಂದಳು. ಸೊಸೆಯು, "ಇರಲಿ ಬಿಡ್ರಿ ಅತ್ತಿ. ನನಗೂ ನನ್ನ ಕೈದೇ ತಪ್ಪು ಅನಸಿತ್ತು" ಎಂದಳು. ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ನಮ್ಮ ಅಳತೆಯಿಲ್ಲದ ತೀರ್ಪನ್ನು ಆ ಹುಡುಗಿ ತಾನೂ ನಂಬತೊಡಗಿದ್ದಳಲ್ಲ!

12ನೆಯ ಶತಮಾನದಲ್ಲಿ ಶರಣರು ಕೂಡಿದ ಊರು ನಮ್ಮದು. ಅರಿವು ಆಚಾರಗಳು ಒಂದಾಗಿರಬೇಕೆಂಬ ಅವರ ಮಾತನ್ನು ನಾನು ಸಭೆಗಳಲ್ಲಿ ಎಷ್ಟೋ ಸಲ ಕೇಳಿ ತಲೆದೂಗಿದ್ದೇನೆ. ಅರಿವು ಸರಿಯಿದ್ದು, ಆಚಾರ ಸರಿಯಿದ್ದೂ ನಡುವಣ ಕೊಂಡಿಗೆ ಕಿಲುಬು ಹಿಡಿದರೆ ಏನಾಗುವದೆಂಬದನ್ನು ಮಾತ್ರ ನನ್ನ ಅಡಿಗೆಮನೆಯಲ್ಲಿಯೇ ಕಲಿಯಬೇಕಾಯಿತು. ಮನೆಯವರ ನಡುವೆಯೂ ಇಂಥ ಕೊಂಡಿಗಳಿವೆ. ಈಗ ಅಡಿಗೆ ಕೆಟ್ಟ ದಿನ ನಾನು ಪತ್ರಿಕೆಯನ್ನು ಕೆಳಗಿಟ್ಟು, ಏನಾಯಿತೆಂದು ಕೇಳುತ್ತೇನೆ.