ತೂತು, ತೇಪೆ ಮತ್ತು ನುಣುಪು

ತೂತಿಲ್ಲದ ಗೋಡೆ ನಮ್ಮ ಬಸವನಗುಡಿಯಲ್ಲಿ ಎಲ್ಲಾದರೂ ಇದ್ದರೆ ಅದು ಹೊಸ ಅಪಾರ್ಟ್‌ಮೆಂಟಿನದೇ ಇರಬೇಕು. 1892ರ ಚಾಮರಾಜಪೇಟೆಯಲ್ಲಿ, 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಬಂದು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇನ್ನೂ ಉಳಿದಿರುವ ಸುಣ್ಣದ ಗಾರೆಯ ಮನೆಗಳಲ್ಲಿ ಒಂದೊಂದು ತೂತಿಗೂ ಕುಲಗೋತ್ರವುಂಟು. ಬಾಗಿಲ ಪಕ್ಕದ್ದು ಕ್ಯಾಲೆಂಡರಿನದು. ಮೊಳೆ ನಿಲ್ಲದೆ ಅದರ ಮಗ್ಗುಲಿಗೇ ಇನ್ನೂ ಮೂರ್ನಾಲ್ಕು. ಮೇಲೆ ಸಾಲಾಗಿರುವುದು ಹಿರಿಯರ ಫೋಟೋಗಳು ಮುಂದಕ್ಕೆ ಬಾಗಿ ನಮ್ಮನ್ನು ಗದರುತ್ತಿದ್ದ ಜಾಗ. ಗೆರೆ ಎಳೆದಂತೆ ಹೋಗಿರುವವು ಮರದ ಪಟ್ಟಿಯ ಮೇಲಿನ ಹಳೇ ವೈರಿಂಗಿನವು. ಇನ್ನು, ಬಾಡಿಗೆಯವರು ಅಡ್ವಾನ್ಸ್ ವಾಪಸ್ಸು ಕೇಳುವ ಹಿಂದಿನ ರಾತ್ರಿ ಟೂತ್‌ಪೇಸ್ಟ್ ಮೆತ್ತಿ ಮುಚ್ಚಿದವು. ಹತ್ತಿರ ಹೋದರೆ ಪುದೀನದ ವಾಸನೆ.

ಗಾರೆ ಕೆಲಸದವರು ಕರಣೆ ಹಿಡಿಯುವ ಮೊದಲು ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಗಾರೆ ಇಟ್ಟಿಗೆ ಬಿಟ್ಟಿದೆ ಎಂದರ್ಥ. ಅಂಗೈಯಗಲ ಮುಚ್ಚಿಸಲು ಹೊರಟವರ ಮನೆಯಲ್ಲಿ ಮೊರದಗಲ ಉದುರುವುದು ಆಗಲೇ. ಆಮೇಲೆ ಧೂಳು ಗುಡಿಸಿ, ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಒಣಗಿದ ಹಳೇ ಗಾರೆ ಹೊಸದರ ನೀರನ್ನೆಲ್ಲ ಹೀರಿ, ಅಂಚಿಗೆ ಬಿರುಕು ಬರುತ್ತದೆ. ಆಳದ ತೂತಿಗೆ ಒಂದೇ ಸಲ ತುಂಬಬಾರದು. ಒಳಗೆ ದಪ್ಪ ಮರಳಿನದು, ಅದು ಬಿಗಿದ ಮೇಲೆ ಜರಡಿ ಹಿಡಿದ ಸಣ್ಣದು.

ಆತುರದವರು ಸಿಮೆಂಟು ಮೆತ್ತಿಸುತ್ತಾರೆ. ಸುಣ್ಣದ ಗಾರೆ ಮಳೆಗಾಲದ ತೇವವನ್ನು ಒಳಗೆಳೆದುಕೊಂಡು ಬಿಸಿಲು ಬಿದ್ದಾಗ ಬಿಟ್ಟುಕೊಡುತ್ತದೆ. ಸಿಮೆಂಟು ಬಿಡುವುದಿಲ್ಲ. ತೇವ ಪಕ್ಕಕ್ಕೆ ಸರಿದು, ಬಿಳೀ ಉಪ್ಪು ಒಸರಿ, ಸುತ್ತಲ ಹಳೇ ಗಾರೆ ಪುಡಿಯಾಗುತ್ತದೆ. ತೇಪೆ ಮಾತ್ರ, ಮನೆಯವರಿಗೆಲ್ಲ ಜಗಳ ಹಚ್ಚಿಟ್ಟ ನೆಂಟನಂತೆ, ಅಲುಗದೆ ಕೂತಿರುತ್ತದೆ. ಅರಳಿಸಿದ ಸುಣ್ಣಕ್ಕೆ ಹಿಂದಿನವರು ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಅರೆಯುತ್ತಿದ್ದರು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕುಡಿದು ನಿಧಾನಕ್ಕೆ ಮತ್ತೆ ಸುಣ್ಣಕಲ್ಲಾಗಬೇಕು. ವಾರಗಟ್ಟಲೆಯ ಕೆಲಸ. ನಾಳೆಯೇ ಬಣ್ಣ ಹೊಡೆದು ಹೊರಡುವ ಪೇಂಟರಿಗೆ ಇದನ್ನು ಹೇಳಿ ನೋಡಿ!

ನುಣುಪಿನ ವಿಷಯಕ್ಕೆ ಬಂದರೆ, ನನ್ನದು ಹಳೇ ಮೇಸ್ತ್ರಿಗಳ ಪಕ್ಷ. "ಕೈ ಆಡ್ಸಿ ನೋಡಿ ಸಾಮಿ, ಟ್ಯೂಬ್‌ಲೈಟ್ ಹಾಕ್ಬೇಡಿ" ಎಂದಿದ್ದರು ನಮ್ಮ ಮನೆಗೆ ಬಂದವರು. ಕೈಯಲ್ಲೇ ಎಳೆದ ಗೋಡೆಗೆ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಓರೆ ಬೆಳಕು ಬಿದ್ದರೆ ಎಲ್ಲ ಕಾಣುತ್ತದೆ. ಪುಟ್ಟಿ ಬಳಿದು, ಉಪ್ಪು ಕಾಗದ ತಿಕ್ಕಿ ಅದನ್ನು ಗಾಜಿನಷ್ಟು ಸಪಾಟು ಮಾಡಹೊರಟರೆ ಪುಟ್ಟಿಯ ಚೀಲಗಳು ಮುಗಿಯುತ್ತವೆ, ಗೋಡೆ ಮುಗಿಯುವುದಿಲ್ಲ. ತೇಪೆಯ ಅಂಚು ಅಂಗೈಗೆ ತಾಕದಿದ್ದರೆ ಕೆಲಸ ಆಯಿತು.

ಒಂದು ಮಾತು ನಡೆಸಿಕೊಡಿ: ಅಷ್ಟೆಲ್ಲ ಮಾಡಿ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಸಬೇಡಿ. ಸುಣ್ಣವನ್ನೇ ಹೊಡೆಸಿ, ಚಿಟಿಕೆ ನೀಲಿ ಬೆರೆಸಿ.