ನೀರಿನಡಿಯ ತವರು

ಎಲ್.ಟಿ.ಸಿ. ರಜೆಯಲ್ಲಿ ಊರಿಗೆ ಹೋದಾಗ ಅಮ್ಮ, ಮಕ್ಕಳೊಡನೆ ಬಾಡಿಗೆ ಕಾರಿನಲ್ಲಿ ಒಂದು ದಿನವಿಡೀ ಸುತ್ತಿದೆವು. ಬೆಳಿಗ್ಗೆ ಸಾಗರ ಬಿಟ್ಟು, ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು ಅಂಬಾರಗೋಡ್ಲು ತಲುಪಿದೆವು. ಬಾಲ್ಯದಲ್ಲಿ ಇಲ್ಲಿ ಲಾಂಚಿಗೆ ಕಾಯುತ್ತ ಬುತ್ತಿಯ ಅವಲಕ್ಕಿ ಮುಗಿಸುತ್ತಿದ್ದೆವು. 2025ರ ಜುಲೈನಲ್ಲಿ ತೆರೆದ ಸೇತುವೆ ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡ ಮುಟ್ಟಿಸುತ್ತದೆ.

"ನಿಧಾನ ಹೋಗಪ್ಪ" ಎಂದು ಡ್ರೈವರಿಗೆ ಹೇಳಿ ಅಮ್ಮ ನೀರನ್ನೇ ನೋಡುತ್ತಿದ್ದಳು. 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅವಳ ತವರುಮನೆ, ಅಡಿಕೆ ತೋಟ ಮುಳುಗಿವೆ. "ಅಲ್ಲೆಲ್ಲೋ ಇತ್ತು ಕಣೋ ನಮ್ಮ ಬಾವಿ" ಎಂದಳು.

ಸಂಜೆ ಜೋಗದ ಎದುರು ನಿಂತು, ಬಿ.ಎಸ್ಸಿ. ಓದಿದ ಹುರುಪಿನಲ್ಲಿ ಮಕ್ಕಳಿಗೆ 830 ಅಡಿಯ ಧಾರೆಯಿಂದ ವಿದ್ಯುತ್ತು ಹುಟ್ಟುವ ಲೆಕ್ಕ ವಿವರಿಸಿದೆ. ಅವರು ಕೇಳಿದ್ದು ಅಜ್ಜಿಯ ಬಾವಿ ಎಷ್ಟು ಆಳವಿತ್ತೆಂದು.

ಓದುಗ ಮಿತ್ರರೇ, ಈ ಸಲ ಊರು ಸುತ್ತುವಾಗ ಮನೆಯ ಹಿರಿಯರನ್ನೂ ಕೂರಿಸಿಕೊಂಡು ಹೋಗಿ.