ಎರೆಯ ದಾರಿಗೊಂದು ಹಲಗೆ

ಬೆಟಗೇರಿಯ ಪಂಚರ್ ಅಂಗಡಿಯಲ್ಲಿ ನಾಲ್ಕೂ ಗಾಲಿಗಳ ಗಾಳಿ ನೋಡಿಸಿ, ಸ್ಟೆಪ್ನಿಯನ್ನೂ ಇಳಿಸಲು ಹೇಳಿದೆ. ಅಂಗಡಿಯವರು ಅದನ್ನು ಎತ್ತುತ್ತ, ‘ಇದಕ್ಕ ಗಾಳಿ ಹಾಕ್ಸೋರು ಭಾಳ ಕಡಿಮಿ ರೀ ಸರ. ನಡುದಾರ್ಯಾಗ ತಗದು ನೋಡಿದ್ರ ಅದೂ ಕುಂತಿರ್ತೈತಿ’ ಅಂದರು.

ಅವ್ವನಿಗೆ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹೋಗುವುದಿತ್ತು. ಮೊದಲು ಲಕ್ಷ್ಮೇಶ್ವರ, ಆಮೇಲೆ ಶಿರಹಟ್ಟಿ, ಅಲ್ಲಿಂದ ಕಪ್ಪತಗುಡ್ಡದ ಸೆರಗು ಹಿಡಿದು ಮುಂಡರಗಿ, ಡಂಬಳದ ಮೇಲೆ ಹಾಯ್ದು ಗದಗ: ಇಷ್ಟು ನಮ್ಮ ದಾರಿ. ಗದಗಿನಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಕಾರು ಕೆಟ್ಟರೆ 1033ಕ್ಕೆ ಫೋನ್ ಮಾಡಬಹುದು. ಒಳದಾರಿಗಳಲ್ಲಿ ಡಿಕ್ಕಿಯಲ್ಲಿ ಏನಿದೆಯೋ ಅದೇ ಆಸರೆ. ಅದು ಬಿಟ್ಟರೆ ಹಾದುಹೋಗುವ ಜನ. ಹಾಗಾಗಿ ಜಾಕ್, ಪಾನಾ, ಬ್ಯಾಟರಿ, ಜಂಪರ್ ಕೇಬಲ್, ಹಗ್ಗ, ಔಷಧದ ಡಬ್ಬಿಗಳ ಜೊತೆಗೆ ಒಂದು ದಪ್ಪ ಹಲಗೆಯನ್ನೂ, ಮೊಳದುದ್ದದ ಕಬ್ಬಿಣದ ಪೈಪನ್ನೂ ಇಟ್ಟಿದ್ದೆ. ಅವ್ವ ತನ್ನ ಬಿಪಿ ಗುಳಿಗೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ದೊಡ್ಡ ಕ್ಯಾನಿನ ತುಂಬ ನೀರು ತಂದಿದ್ದಳು.

ನಯಸೇನ ‘ಧರ್ಮಾಮೃತ’ ಬರೆದ ಮುಳಗುಂದವನ್ನು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹಿಂಗಾರಿ ಜೋಳ ತೆನೆ ತುಂಬಿ ನಿಂತಿತ್ತು. ಹೊಲಕ್ಕೆ ಬೇಲಿ ಹಾಕಲು ಯಾರೋ ಜಾಲಿ ಕಂಟಿ ಎಳೆದೊಯ್ದಿದ್ದರು. ಮುಳ್ಳು ರಸ್ತೆಯ ಮೇಲೆ ಉದುರಿತ್ತು. ಸ್ವಲ್ಪ ದೂರದಲ್ಲೇ ಹಿಂದಿನ ಎಡಗಾಲಿ ಕುಂತಿತು. ಟ್ಯೂಬ್‌ಲೆಸ್ ಟಯರಿನಲ್ಲಿ ಮುಳ್ಳು ಕೂತಿದ್ದು ಗಾಳಿ ನಿಂತಿದ್ದರೆ ಅದನ್ನು ಕೀಳದೆ ನಿಧಾನವಾಗಿ ಅಂಗಡಿ ಮುಟ್ಟುವುದೇ ಒಳ್ಳೆಯದು. ನಮ್ಮದು ಪೂರಾ ಇಳಿದಿತ್ತು.

ಅವ್ವನನ್ನು ರಸ್ತೆಯಿಂದ ದೂರ, ಬೇವಿನ ನೆರಳಿಗೆ ಕೂರಿಸಿದೆ. ನೂರು ಹೆಜ್ಜೆ ಹಿಂದಕ್ಕೆ ಹೋಗಿ ಕೆಂಪು ತ್ರಿಕೋನ ಇಟ್ಟೆ. ಗಾಲಿಗೆ ಕೈ ಹಾಕುವ ಮೊದಲು ಆಗಬೇಕಾದ ಕೆಲಸ ಇವೆರಡೇ. ರಸ್ತೆ ಬದಿಯದು ಎರೆಮಣ್ಣು. ಮೇಲೆ ಒಣಗಿ ಬಿರಿದಿದ್ದರೂ ಭಾರ ಬಿದ್ದ ಕಡೆ ಕುಸಿಯುತ್ತದೆ; ಜಾಕ್ ವಾಲಿದರೆ ಕಾರು ಮೈಮೇಲೆ ಬರುತ್ತದೆ. ಹಲಗೆ ತಂದದ್ದು ಅದಕ್ಕೇ. ಗಾಲಿ ನೆಲದ ಮೇಲಿರುವಾಗಲೇ ಪಾನಾಕ್ಕೆ ಪೈಪ್ ಸಿಗಿಸಿ ನಟ್ಟುಗಳನ್ನು ಸಡಿಲಿಸಿದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಓಡಿ ಬಂದು, ಕೇಳದೆಯೇ ಮುಂದಿನ ಗಾಲಿಗೆ ಕಲ್ಲು ಕೊಟ್ಟರು. ಅವ್ವ ಅವರಿಗೆ ರೊಟ್ಟಿ ಕೊಟ್ಟಳು. ಹೊರಡುವಾಗ ಅವರು ಆ ಕಲ್ಲನ್ನು ಎತ್ತಿ ಹೊಲದ ಬದುವಿಗೆ ಎಸೆದು, ‘ಇಲ್ಲೇ ಬಿಟ್ರ ರಾತ್ರಿ ಗಾಡಿ ಮ್ಯಾಲಿನ ಹುಡುಗರು ಸಾಯ್ತಾವ್ರೀ’ ಅಂದರು. ಲಾರಿ ರಿಪೇರಿ ಮಾಡಿಕೊಂಡು ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುವವರ ಮೇಲೆ ನನಗಿರುವ ಸಿಟ್ಟು ಸಣ್ಣದಲ್ಲ.

ಲಕ್ಷ್ಮೇಶ್ವರದಲ್ಲಿ ಪಂಚರ್ ತಿದ್ದಿಸುವಷ್ಟರಲ್ಲಿ ಅವ್ವ ಸೋಮೇಶ್ವರನ ದರ್ಶನ ಮುಗಿಸಿದಳು. ಪಂಪ ಮೆಚ್ಚಿದ ಪುಲಿಗೆರೆ ಇದೇ. ನಮ್ಮನ್ನು ಇಲ್ಲಿಗೆ ಮುಟ್ಟಿಸಿದ್ದು ಸ್ಟೆಪ್ನಿ. ಈಗ ಹಲವು ಕಾರುಗಳಲ್ಲಿ ಅದು ಸಣ್ಣಗಾಗಿ, ಗಂಟೆಗೆ 80 ಕಿ.ಮೀ. ಮೀರಬಾರದೆಂಬ ಚೀಟಿ ಹೊತ್ತಿದೆ. 2020ರ ನಿಯಮದಂತೆ ರಿಪೇರಿ ಕಿಟ್ಟೂ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆಯೂ ಇದ್ದರೆ ಸ್ಟೆಪ್ನಿಯೇ ಕಡ್ಡಾಯವಲ್ಲ. ಜಾಲಿಮುಳ್ಳಿನ ನಾಡಿನಲ್ಲಿ ಓಡಾಡುವವರು ಪೂರ್ತಿ ಅಳತೆಯ ಸ್ಟೆಪ್ನಿಯನ್ನೇ ಕೇಳಿ ಪಡೆಯಬೇಕೆಂಬುದು ನನ್ನ ಮಾತು.

ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿದಿದ್ದವು. ಹಿಮಾಲಯ ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಹಕ್ಕಿಗಳಿವು. 2024ರಲ್ಲಿ ಈ ಕೆರೆ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುನೆಲ, ಎಂದು ಘೋಷಣೆಯಾಯಿತು. ಶಿರಹಟ್ಟಿಯ ಮಠದಲ್ಲಿ ಅವ್ವ ಬಹಳ ಹೊತ್ತು ಕೂತಳು.

ಮುಂಡರಗಿಯತ್ತ ಹೊರಟಾಗ ಒಂದು ಕಡೆ ಡಾಂಬರಿನ ಮೇಲೆಲ್ಲ ಹುರುಳಿ ಹರಡಿತ್ತು. ಕಣ ಮಾಡಲು ಕೈಯಾಳಿಲ್ಲದ ರೈತ ಗಾಡಿಗಳ ಕೆಳಗೇ ಒಕ್ಕಣೆ ಮಾಡಿಕೊಳ್ಳುತ್ತಾನೆ. ಅವನ ಕಷ್ಟ ನನಗೆ ತಿಳಿಯುತ್ತದೆ. ಆದರೆ ಆ ಒಣಬಳ್ಳಿ ಕಾರಿನಡಿ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊತ್ತಿ, ಕಾರು ಸುಟ್ಟ ಘಟನೆಗಳು ನಮ್ಮ ರಾಜ್ಯದಲ್ಲೇ ಆಗಿವೆ. ಬದಿಯಿಂದ ನಿಧಾನ ದಾಟಿಸಿ, ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದ ಎಳೆಗಳನ್ನು ಕಿತ್ತೆ. ಬೆಂಕಿ ಆರಿಸುವ ಸಿಲಿಂಡರ್ ಡಿಕ್ಕಿಯ ತಳದಲ್ಲಿದ್ದರೆ ಉಪಯೋಗವಿಲ್ಲ. ನಾನು ಅದನ್ನು ಸೀಟಿನ ಪಕ್ಕದಲ್ಲೇ ಇಡುತ್ತೇನೆ.

ಮುಂಡರಗಿ ಬಿಟ್ಟಾಗ ಕತ್ತಲಾಗಿತ್ತು. ಡಂಬಳದ ಈಚೆಗೆ, ನನ್ನ ದೀಪದ ಬೆಳಕಿಗೆ ಕಪ್ಪು ಗೋಡೆಯೊಂದು ಎದ್ದುಬಂತು: ಅಚ್ಚು ಮುರಿದು ನಿಂತ ಕಬ್ಬಿನ ಟ್ರೇಲರ್. ಹಿಂದೆ ದೀಪವಿಲ್ಲ, ಒಂದು ಬೇವಿನ ಟೊಂಗೆ ಮಾತ್ರ ಅಡ್ಡ ಇಟ್ಟಿದ್ದರು. ಕಾರನ್ನು ಮುಂದೆ, ರಸ್ತೆ ಬಿಟ್ಟು ನಿಲ್ಲಿಸಿ, ಡ್ರೈವರ್ ಹುಡುಗನ ಜೊತೆ ಹಿಂದಕ್ಕೆ ನಡೆದು ತ್ರಿಕೋನ ಇಟ್ಟೆ. ಟ್ರೇಲರಿನ ಎರಡೂ ಮೂಲೆಗೆ ಮಿಂಚುವ ಕೆಂಪು ಪಟ್ಟಿ ಅಂಟಿಸಿದೆವು. ಅಷ್ಟರಲ್ಲೇ ಬೈಕೊಂದು ಬಂತು. ದೂರದಲ್ಲೇ ವೇಗ ಇಳಿಸಿ, ಬಳಸಿಕೊಂಡು ಹೋಯಿತು.

‘ಅಣ್ಣಾರ, ಈ ಪಟ್ಟಿ ಎಲ್ಲಿ ಸಿಗತೈತ್ರಿ?’ ಎಂದು ಹುಡುಗ ಕೇಳಿದ. ಗದಗಿನ ಆಟೊ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತದೆಂದು ಹೇಳಿ, ಉಳಿದ ಸುರುಳಿಯನ್ನು ಅವನಿಗೇ ಕೊಟ್ಟೆ. ಮೆಕ್ಯಾನಿಕ್ ಬರುವುದು ಬೆಳಗ್ಗೆಯೇ ಎಂದು ತಿಳಿದ ಮೇಲೆ ತ್ರಿಕೋನವನ್ನೂ ಅಲ್ಲೇ ಬಿಟ್ಟೆ. ಮರುದಿನ ಗದಗಿನಲ್ಲಿ ಅಂಗಡಿ ತೆರೆಯುತ್ತಲೇ ಹೋಗಿ ಎರಡು ತ್ರಿಕೋನ ಕೊಂಡೆ.